ಎರಡು ಬಾಯಿಯ ಪಂಪು

ಮೊನ್ನೆ ಸೊಸೆ ಕೂಸಿಗೆ ಎರೆದು ನೆತ್ತಿಗೆ ಔಡಲೆಣ್ಣೆ ಹಚ್ಚುತ್ತಿದ್ದಳು. ಪಕ್ಕದಲ್ಲೇ ಲೋಬಾನದ ಕೆಂಡವಿತ್ತು. ಅದರ ಮೇಲೆ ಒಂದು ಹನಿ ಬಿತ್ತು. ಸುಟ್ಟ ಔಡಲೆಣ್ಣೆಯ ಆ ಗಂಟಲು ಹಿಡಿಯುವ ವಾಸನೆ ಬಂದದ್ದೇ ತಡ, ನಾನು ಎದ್ದು ಹೊರಗೆ ನಡೆದೆ. ಬೆನ್ನ ಹಿಂದೆ ಹಳೆಯ ಗ್ಯಾರೇಜಿನ ಮೇಸ್ತ್ರಿ ಬಂದು ನಿಂತಂತೆ ಅನಿಸಿತ್ತು... ಅಜ್ಜನಾದರೇನು, ಹೆದರಿಕೆ ಹೆದರಿಕೆಯೇ.

ಎಪ್ಪತ್ತರ ದಶಕದ ಮಾತು. ಬೈಲಹೊಂಗಲದ ಹತ್ತಿ ಗಿರಣಿಯ ಗೋಡೆಗೆ ಆತುಕೊಂಡು ಮೇಸ್ತ್ರಿಯ ತಗಡಿನ ಶೆಡ್ಡು. ಕೆಟ್ಟ ಫಟಫಟಿಗಳನ್ನೆಲ್ಲ, ಅಂದರೆ ಮೋಟಾರು ಸೈಕಲ್ಲುಗಳನ್ನು, ಅಲ್ಲಿಗೇ ನೂಕಿಕೊಂಡು ಹೋಗುತ್ತಿದ್ದೆವು. ಭಾನುವಾರ ಬೆಳಿಗ್ಗೆ ಸಂಪಗಾಂವ ರಸ್ತೆಯ ನೆಟ್ಟನೆಯ ತುಂಡಿನಲ್ಲಿ ನಮ್ಮ ಜಿದ್ದು. ಕಿತ್ತೂರು, ಸವದತ್ತಿ, ರಾಮದುರ್ಗದ ಹುಡುಗರೂ ಬರುತ್ತಿದ್ದರು. ನಿಂತಲ್ಲಿಂದ ಚಿಮ್ಮಿ ರಸ್ತೆಬದಿಯ ಬೇವಿನ ಮರವನ್ನು ಮೊದಲು ದಾಟಿದವನು ಗೆದ್ದ, ಅಷ್ಟೇ. ಉಸಿರು ಹಿಡಿದು ಬಿಡುವಷ್ಟರಲ್ಲಿ ಮುಗಿಯುವ ಆಟ. ಅಷ್ಟರಲ್ಲೇ ಇಂಜಿನ್ನು ಕಾದು ಕೆಂಡವಾಗುತ್ತಿತ್ತು, ಅದಕ್ಕೇ ಮೇಸ್ತ್ರಿ ಇಂಜಿನ್ನಿಗೆ ಔಡಲೆಣ್ಣೆ ಕುಡಿಸುತ್ತಿದ್ದರು.

ಅವರ ಒಬ್ಬನೇ ಮಗ ಆ ಮರವನ್ನು ಎಲ್ಲರಿಗಿಂತ ಮೊದಲು ದಾಟಿದ್ದ. ದಾಟಿ ಬ್ರೇಕು ಹಿಡಿದ. ಎಣ್ಣೆ ಸಿಗದೆ ಇಂಜಿನ್ನು ಒಳಗೇ ಕಚ್ಚಿಕೊಂಡು ಹಿಂದಿನ ಗಾಲಿ ಗಕ್ಕನೆ ನಿಂತಿತು. ಹುಡುಗ ಅಲ್ಲಿಯೇ ಜೀವ ಬಿಟ್ಟ. ಮರದಲ್ಲಿ ಏನೋ ಇದೆ ಎಂದು ಊರು ಮಾತಾಡಿತು. ಊರ ಬಾಯಿ ಮುಚ್ಚುವವರು ಯಾರು? ಮೇಸ್ತ್ರಿ ಮಾತ್ರ ತುಟಿ ಬಿಚ್ಚಲಿಲ್ಲ.

ಆ ಗಾಡಿಯಿಂದ ಅವರು ಉಳಿಸಿಕೊಂಡದ್ದು ಒಂದೇ, ಎಣ್ಣೆಯ ಒತ್ತಡ ತೋರಿಸುವ ಮೀಟರು. ಅಂಗೈಯಗಲದ್ದು, ಗಾಜಿನೊಳಗೆ ಒಂದು ಕೆಂಪು ಮುಳ್ಳು. ಅದನ್ನು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು. ಯಾವ ಪೈಪೂ ಇಲ್ಲ, ಇಂಜಿನ್ನೂ ಇಲ್ಲ, ಆದರೂ ಮುಳ್ಳು ಆಗಾಗ ನಡುಗುತ್ತಿತ್ತು.

"ಗಿರಣಿ ಅದರಾಕ ಹತ್ತೇತಿ, ಅದಕ್ಕs ರಿ," ಎಂದೆ ನಾನು, ಬಹಳ ಬಲ್ಲವನ ಹಾಗೆ. ಮೇಸ್ತ್ರಿ ನಕ್ಕರು. ಅಂದು ಅಮಾವಾಸ್ಯೆ, ಗಿರಣಿಗೆ ಸೂಟಿ.

ನನ್ನ ಗಾಡಿಗೆ ಎಣ್ಣೆಯ ಪಂಪು ಆರಿಸುವ ದಿನ ಬಂತು. ನನಗೋ ದೊಡ್ಡ ಪಂಪಿನ ಹುಚ್ಚು. ಯಾವುದೋ ಕಾರಿನದನ್ನು ಕೊರೆದು ಕೂಡಿಸಿದರೆ ಎಣ್ಣೆ ಧಾರಾಳವಾಗಿ ಬರುತ್ತದೆ ಎಂದು ವಾದಿಸಿದೆ. ಮೇಸ್ತ್ರಿ ಒಂದು ಅಗಲ ಪರಾತದಲ್ಲಿ ಎಣ್ಣೆ ಸುರಿದು ನೆಲದ ಮೇಲೆ ಮುಂದಕ್ಕೆ ಜಗ್ಗಿದರು. ಎಣ್ಣೆಯೆಲ್ಲ ಹಿಂದಕ್ಕೆ ಸರಿಯಿತು. ತಟ್ಟನೆ ನಿಲ್ಲಿಸಿದರು. ಅಷ್ಟೂ ಮುಂದಕ್ಕೆ ನುಗ್ಗಿತು.

"ಬಾಯಿಗೆ ಎಣ್ಣಿನs ಸಿಗಲಿಲ್ಲಂದ್ರ ದೊಡ್ಡ ಪಂಪ್ ತೊಗೊಂಡು ಏನ್ ಮಾಡ್ತಿ? ಗಾಳಿ ಕುಡೀತೈತಿ," ಎಂದರು. ಆಮೇಲೆ ಪರಾತವನ್ನೇ ನೋಡುತ್ತಾ, "ಓಡೂಮುಂದ ಎಣ್ಣಿ ಹಿಂದ ಹೊಕ್ಕೈತಂತ ನನ್ನ ಮಗನ ಪಂಪಿನ ಬಾಯಿ ಹಿಂದ ಇಟ್ಟಿದ್ದೆ. ಓಡೂದಷ್ಟs ನೆನಿಸಿದೆ. ನಿಲ್ಲೂದು ನೆನಿಸಲಿಲ್ಲ," ಎಂದರು.



ದೇವರಿಗೆ ಹೂ ಹಚ್ಚಿ, ಬಲಕ್ಕೆ ಬೀಳುತ್ತದೋ ಎಡಕ್ಕೆ ಬೀಳುತ್ತದೋ ಎಂದು ಕಾಯುತ್ತಾರಲ್ಲ, ಹಾಗೆ ಅವರು ಮೀಟರಿನ ಮುಂದೆ ನಿಂತರು. ಕಾರಿನ ಪಂಪನ್ನು ಎತ್ತಿ ಹಿಡಿದರು. ಮುಳ್ಳು ನಡುಗಿತು. "ಬ್ಯಾಡಂತಾನ ಮಗ," ಎಂದು ಅದನ್ನು ಕೆಳಗಿಟ್ಟರು. ಆಮೇಲೆ ತಾವೇ ಮಾಡಿದ್ದನ್ನು ಎತ್ತಿದರು. ಹಳೆಯ ಸಣ್ಣ ಪಂಪೇ, ಆದರೆ ಅದಕ್ಕೆ ಎರಡು ಬಾಯಿ, ಒಂದು ಹಿಂದೆ, ಒಂದು ಮುಂದೆ. ಎರಡಕ್ಕೂ ಅಲುಗುವ ಮುಚ್ಚಳ ಹಾಕಿದ್ದರಿಂದ, ಎಣ್ಣೆ ಎತ್ತ ಹರಿದರೆ ಆ ಕಡೆಯ ಬಾಯಿ ಮಾತ್ರ ತೆರೆಯುತ್ತಿತ್ತು. ಮುಳ್ಳು ಮಿಸುಕಲಿಲ್ಲ.

"ಒಪ್ಪ್ಯಾನೋ, ನನ್ನ ಕೂಡ ಮಾತು ಬಿಟ್ಟಾನೋ..." ಎಂದರು ಮೇಸ್ತ್ರಿ. ಮೀಟರನ್ನು ಮೊಳೆಯಿಂದ ಇಳಿಸಿ, ತಾಮ್ರದ ಪೈಪು ಸೇರಿಸಿ, ನನ್ನ ಗಾಡಿಯ ಹ್ಯಾಂಡಲ್ಲಿಗೆ ಕಟ್ಟಿದರು. "ಅವನ್ನ ಕರಕೊಂಡು ಹೋಗು. ಬೇವಿನ ಗಿಡದ ಹಂತ್ಯಾಕ ಬ್ರೇಕ್ ಹಿಡಿದಾಗ ಮುಳ್ಳು ನೋಡು. ಏನಂದಾ ಅಂತ ಬಂದು ನನಗ ಹೇಳು."

ಆ ಭಾನುವಾರ ಸವದತ್ತಿಯ ಹುಡುಗ ನನ್ನನ್ನು ಸೋಲಿಸಿದ. ಅದು ನನಗೆ ತಿಳಿದದ್ದು ಆಮೇಲೆ. ನಾನು ನೋಡುತ್ತಿದ್ದುದು ಮುಳ್ಳನ್ನೇ. ಇಂಜಿನ್ನು ಗುಡುಗಿದ್ದೇ ಅದು ಎದ್ದು ತುದಿಗೆ ಹೋಗಿ ನಿಂತಿತ್ತು. ಬೇವಿನ ಮರ ದಾಟಿ ಬ್ರೇಕು ಒತ್ತಿದೆ. ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ. ಮರದ ಕೆಳಗೆ ಒಬ್ಬನೇ ನಿಂತೆ. ಗಾಳಿ ಇರಲಿಲ್ಲ, ಆದರೂ ಸುತ್ತಲೂ ಔಡಲೆಣ್ಣೆಯ ವಾಸನೆ ತಿರುಗುತ್ತಿತ್ತು.

ಶೆಡ್ಡಿಗೆ ಬಂದು ಹೇಳಿದೆ: "ಮುಳ್ಳು ತುದೀಗೆ ನಿಂತಿತ್ರಿ. ಇಳೀಲಿಲ್ಲ."

ಮೇಸ್ತ್ರಿ ಮೀಟರು ಬಿಚ್ಚಿದರು. ಅದರ ಹಿಂದಿನ ತಾಮ್ರದ ಪೈಪನ್ನು ಜಗ್ಗಿದರು. ಅದು ಸಲೀಸಾಗಿ ಕೈಗೆ ಬಂತು. ಇಂಜಿನ್ನಿಗೆ ಅದನ್ನು ಸೇರಿಸಿರಲೇ ಇಲ್ಲ! ಇಂಜಿನ್ನಿನ ತೂತಿಗೆ ಬಿರಡೆ ಹಾಕಿ, ಪೈಪನ್ನು ಸೀಟಿನ ಕೆಳಗೆ ಸುಮ್ಮನೆ ಸಿಕ್ಕಿಸಿದ್ದರು. ಮುಳ್ಳು ಅಲುಗಾಟಕ್ಕೆ ಎದ್ದಿರಬಹುದು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಇರಬಹುದು...

"ಎಣ್ಣಿ ಮಾತು ಕೇಳಿದ್ದಿಲ್ಲ ನಾ, ಅವನ ಮಾತು ಕೇಳಿದ್ದೆ," ಎಂದರು ಮೇಸ್ತ್ರಿ. "ಹಂಗಾರ ಅವಂಗ ನನ್ನ ಮ್ಯಾಲ ಸಿಟ್ಟಿಲ್ಲ." ಕೈವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತರು. ನಾನೂ ಅತ್ತೆ.

ಮೀಟರು ಮತ್ತೆ ಗೋಡೆಗೇರಿತು. ಆದರೆ ಮುಳ್ಳು ಆಮೇಲೆ ಎಂದೂ ನಡುಗಲಿಲ್ಲ. ಗಿರಣಿ ಭರ್ತಿ ಓಡುವಾಗ, ತಗಡೆಲ್ಲ ಗಡಗಡ ಎನ್ನುವಾಗಲೂ ಇಲ್ಲ. ಮೇಸ್ತ್ರಿ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡೇ ಅತ್ತ ನೋಡುತ್ತಾ ನಿಂತುಬಿಡುತ್ತಿದ್ದರು. ಒಂದು ದಿನ ಅದನ್ನು ಬಿಚ್ಚಿ ನನ್ನ ಕೈಗಿಟ್ಟರು. "ನೀನs ಇಟಗೋ. ನನಗೇನೂ ಹೇಳವಲ್ದು," ಎಂದರು. ಮಗ ಸಿಟ್ಟಾಗಿದ್ದಷ್ಟು ದಿನ ಅವರ ಹತ್ತಿರವಿದ್ದ. ಸಿಟ್ಟು ಇಳಿಯಿತು, ಹೋಗಿಬಿಟ್ಟ.

ಮೇಸ್ತ್ರಿ ತೀರಿಕೊಂಡು ಎಷ್ಟೋ ಕಾಲವಾಯಿತು. ಮೊನ್ನೆ ಹೊರಗೆ ನಡೆದವನು ಹಿತ್ತಲ ಕೋಣೆಯ ಟ್ರಂಕು ತೆಗೆದು ಮೀಟರಿನ ಗಾಜು ಒರೆಸಿದೆ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕೇಳಿದೆ: "ಮೇಸ್ತ್ರಿ, ಮಗ ಸಿಕ್ಕಾನೇನ್ರಿ?"

ಬಹಳ ಹೊತ್ತು ಮುಳ್ಳನ್ನೇ ನೋಡಿದೆ. ಒಂದು ಸಲ ನಡುಗಿದ್ದರೆ ಸಾಕಿತ್ತು. ಅದು ಅಲುಗಲಿಲ್ಲ. ಒಳಗೆ ಕೂಸು ಅಳತೊಡಗಿತು.