ಹೂವಿಲ್ಲದ ಮೂಲೆ

ಬೆಂಗೇರಿಯ ಮಕಬೂಲಸಾಬರ ನರ್ಸರಿಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಹೂ ಯಾವಾಗ ಬಿಡತೈತ್ರಿ?” ಕರುಣಾ ಟೀಚರ್ ಮಾತ್ರ, “ಇದರ ಎಲಿ ಬ್ಯಾಸಗ್ಯಾಗ ಹೆಂಗ ಕಾಣತೈತಿ?” ಎನ್ನುತ್ತಾರೆ. ಮಕಬೂಲಸಾಬರಿಗೆ ಮೊದಲು ನಗು ಬರುತ್ತಿತ್ತು. ಈಗ ಹೊಸ ಸಸಿ ಬಂದರೆ ಅವರೇ ಎಲೆ ಮಗುಚಿ ತೋರಿಸುತ್ತಾರೆ.

ಸರಕಾರಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಈ ಹೆಂಗಸಿಗೆ ಎಲೆಯ ಹುಚ್ಚು ಹೇಗೆ ಹತ್ತಿತೋ ದೇವರೇ ಬಲ್ಲ. ಬಸ್ಸಿಗೆಂದು ನಿಂತಲ್ಲಿ ಚೆಂದದ ಎಲೆ ಕಂಡರೆ ಬಸ್ಸು ಹೋದದ್ದೂ ತಿಳಿಯುವುದಿಲ್ಲ. ಹೂ ಬಂದು ಹೋಗುತ್ತದೆ, ವರ್ಷವಿಡೀ ಕಣ್ಣೆದುರು ಇರುವುದು ಎಲೆಯೇ ಎಂಬುದು ಅವರ ವಾದ.

ಕಾಲನಿಯ ಪಾರ್ಕಿನ ಒಂದು ಮೂಲೆಯನ್ನು ಹಟ ಹಿಡಿದು ಪಡೆದರು. ಗಾಳಿ ಬೀಸಿದಾಗ ಬೆಳ್ಳಿಯ ಹಿಂಬದಿ ತೋರುವ ಮುಚುಕುಂದ, ಗೊರಸಿನ ಹಾಗೆ ಸೀಳಿದ ಎಲೆಯ ಬಸವನಪಾದ, ಚುಕ್ಕೆ ಚುಕ್ಕೆಯ ಕ್ರೋಟನ್ ಎಲ್ಲ ಹಚ್ಚಿದರು. ಹೂವಾದರೆ ವಾಕಿಂಗಿಗೆ ಬಂದವರು ಬೆಳಗಾಗುವಷ್ಟರಲ್ಲಿ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಎಲೆ ಯಾರಿಗೆ ಬೇಕು ಎಂಬ ಧೈರ್ಯ ಕರುಣಾರಿಗೆ. ಹೂವಿನಾಸೆಗೆ ಯಾರೂ ಬರಬಾರದೆಂದು ಬಸವನಪಾದದ ಮೊಗ್ಗುಗಳನ್ನೂ ಬಿಡದೆ ಚಿವುಟುತ್ತಿದ್ದರು.

ಎದುರು ಮನೆಯ ಮುದುಕಿ ಶರಣವ್ವನಿಗೆ ಇದು ಸುತರಾಂ ಹಿಡಿಸಲಿಲ್ಲ. “ಪೂಜಿಗೆ ಒಂದ್ ದಾಸವಾಳ ಇಲ್ಲ, ಇದೆಂಥಾ ತ್ವಾಟರಿ?” ಎಂದು ಕಂಡಕಂಡವರ ಮುಂದೆ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಬರುವ ಚೌತಿ ಮುಗಿದ ಮೇಲೆ ಸಭೆ ಕರೆಯುವುದು, ಆ ಗಿಡಗಳನ್ನು ಕಿತ್ತು ಹೂಗಿಡ ಹಚ್ಚುವುದೆಂದು ಮಾತಾಯಿತು. ಕರುಣಾ ದಿನಕ್ಕೆರಡು ಸಲ ಮೂಲೆಗೆ ಹೋಗಿ ಎಲೆಗಳನ್ನು ಸವರಿ ಬರತೊಡಗಿದರು.

ಚೌತಿಯ ಬೆಳಿಗ್ಗೆ ಪಾರ್ಕಿಗೆ ಹೋದರೆ, ಮೂಲೆಯಲ್ಲಿ ಬುಟ್ಟಿ ಹಿಡಿದು ಎಲೆ ಹರಿಯುತ್ತಿದ್ದವಳು ಸಾಕ್ಷಾತ್ ಶರಣವ್ವ! ಕರುಣಾರ ಮೈ ಉರಿದುಹೋಯಿತು. ಅವರದು ಬೌದ್ಧರ ಮನೆ, ಗಣಪತಿ ಕೂಡಿಸಿದವರಲ್ಲ. ಅವನಿಗೆ ಬಗೆಬಗೆಯ ಎಲೆ ಏರಿಸುತ್ತಾರೆಂದು ಅವರು ಎಂದೂ ಕೇಳಿರಲಿಲ್ಲ. ಬೈಗುಳ ನಾಲಿಗೆಯ ತುದಿಗೆ ಬಂತು. ಆದರೆ ಮುದುಕಿಯ ಕೈ ನೋಡುತ್ತ ಅಲ್ಲೇ ನಿಂತುಬಿಟ್ಟರು. ಒಂದು ಗಿಡಕ್ಕೆ ಒಂದೇ ಎಲೆ. ಅದನ್ನು ಬಿಸಿಲಿಗೆ ಹಿಡಿಯುವಳು, ಹಿಂದೆ ಮುಂದೆ ಹೊರಳಿಸುವಳು, ಬುಟ್ಟಿಯಲ್ಲಿದ್ದ ಇನ್ನೊಂದರ ಪಕ್ಕ ಇಟ್ಟು ನೋಡುವಳು.

“ಏನ್ ಮಾಡಾಕತ್ತೀರಿ ಶರಣವ್ವಾರ?”

ಶರಣವ್ವ ಬೆಚ್ಚಿದಳು. “ಗಣಪ್ಪನ ಪತ್ರಿಗಂತ ಬಂದೇನ್ರಿ ಟೀಚರ... ಬೈಬ್ಯಾಡ್ರಿ.”

“ಕ್ರೋಟನ್ ಎಲಿ ಗಣಪ್ಪಗ ನಡೀತೈತೇನ್ರಿ?” ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದರು.

“ಇಲ್ರಿ, ಪತ್ರಿ ಬ್ಯಾರೇನ ಅದಾವ. ಬಂದಿದ್ದು ಎರಡು ಎಲಿ ಹರಕೊಂಡು ಹೋಗಾಕ. ಒಂದ್ ನೋಡಿದೆ, ಬಾಜೂಕಿಂದು ಬ್ಯಾರೇನ ಕಂಡ್ತು. ಬಿಡಾಕ ಮನಸ ಆಗವಲ್ತು.”

ಕರುಣಾ ತುದಿಗಾಲಲ್ಲಿ ನಿಂತು ಮುಚುಕುಂದದ ದೊಡ್ಡ ಎಲೆಯೊಂದನ್ನು ತಾವೇ ಹರಿದು ಬುಟ್ಟಿಗೆ ಹಾಕಿದರು. ಶರಣವ್ವ ಅದನ್ನು ಮಗುಚಿ, “ಅಯ್ಯ!” ಎಂದು ಅದರ ಬೆಳ್ಳಿಯ ಹಿಂಬದಿಯ ಮೇಲೆ ಬೆರಳಾಡಿಸಿದಳು.

ಹಬ್ಬ ಮುಗಿದು ಸಭೆ ಸೇರಿತು. ದಾಸವಾಳವೋ ಗುಲಾಬಿಯೋ ಎಂದು ಚರ್ಚೆ ಎದ್ದಾಗ ಕರುಣಾ ತಲೆ ತಗ್ಗಿಸಿ ಕೂತಿದ್ದರು. ಶರಣವ್ವ ಸೆರಗು ಸರಿಮಾಡಿಕೊಂಡು ಎದ್ದಳು.

“ದಾಸವಾಳ ನಮ್ಮ ಹಿತ್ತಲದಾಗ ಹಚ್ಚತೇನಿ. ಆ ಮೂಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ನಾ ಇನ್ನೂ ಪೂರಾ ನೋಡಿಲ್ಲ.”