ಮೂರು ಬೆರಳಿನ ಹೆಜ್ಜೆ

೧೯೯೯ರ ಜನವರಿಯಲ್ಲಿ, ಕುಲಗೋಡ ಮತ್ತು ಕೌಜಲಗಿಯ ನಡುವಿನ ಒಂದು ಗಾಯರಾಣದಲ್ಲಿ ಹೆಣ್ಣು ತೋಳವೊಂದು ವಿಷ ತಿಂದು ಸತ್ತಿತು. ಮರುದಿನ ಬೆಳಿಗ್ಗೆ ಅಲ್ಲಿ ಅದರ ಹೊಸ ಹೆಜ್ಜೆಗಳಿದ್ದವು. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಇಂಥ ಮಾತುಗಳನ್ನು ಅಲ್ಲಿಯವರೆಗೆ ನಾನು ನಂಬಿದವಳಲ್ಲ. ಹುಕ್ಕೇರಿಯ ನಮ್ಮ ಮನೆಯಲ್ಲಿ ಯಾರಾದರೂ ದೆವ್ವದ ಸುದ್ದಿ ತೆಗೆದರೆ ಎದ್ದು ಹೋಗುತ್ತಿದ್ದೆ. ನೀವೂ ನಂಬಬೇಕೆಂದು ಕೇಳುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಬರೆಯಬೇಕಾಗಿದ್ದವರು ಬರೆಯಲಿಲ್ಲ.

ಆಗ ನಾನು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಪರಿಸರ ಮತ್ತು ಸಂರಕ್ಷಣೆ ಓದುತ್ತಿದ್ದೆ. ಕೊನೆಯ ವರ್ಷದ ಕ್ಷೇತ್ರಕಾರ್ಯಕ್ಕೆ ಈ ಗಾಯರಾಣವನ್ನು, ಅಂದರೆ ಊರ ದನಕರುಗಳಿಗೆ ಬಿಟ್ಟ ಹುಲ್ಲುಗಾವಲನ್ನು, ಆರಿಸಿಕೊಂಡಿದ್ದೆ. ಅದನ್ನು ಕಲ್ಲುಗಣಿಗೆ ಕೊಡಬೇಕೆಂಬ ಅರ್ಜಿ ಬಂದಿತ್ತು. ಅಲ್ಲಿ ಕಾಡುಪ್ರಾಣಿ ಇದೆಯೇ ಎಂದು ಅಧಿಕಾರಿಗಳು ನಮ್ಮ ವಿಭಾಗವನ್ನು ಕೇಳಿದ್ದರು. ತೋಳ ಇದೆ ಎಂದು ನನ್ನ ಮಾರ್ಗದರ್ಶಕರು ಬರೆದರೆ ಗಣಿ ನಿಲ್ಲುವ ಸಂಭವವಿತ್ತು. ಇಲ್ಲ ಎಂದರೆ ಹುಲ್ಲುಗಾವಲು ಹೋಗುತ್ತಿತ್ತು, ಅದರ ಜೊತೆಗೆ ಯಲ್ಲವ್ವನ ಕುರಿಗಳ ಮೇವೂ.

ಯಲ್ಲವ್ವ ಅಲ್ಲಿ ಕುರಿ ಮೇಯಿಸುತ್ತಿದ್ದ ನಡುವಯಸ್ಸಿನ ಹೆಂಗಸು. ಅವಳ ಮರಿಗಳನ್ನೂ ತೋಳ ಒಯ್ದಿತ್ತು. “ನನ್ನ ಮರಿ ತಿಂದ ಮೂಳಿನ ಈಗ ನನ್ನ ಕುರಿ ಉಳಸಬೇಕಾಗೈತಿ ನೋಡ ತಂಗಿ, ಎಂಥಾ ಕಾಲ ಬಂತು!” ಎಂದು ನಗುತ್ತಿದ್ದಳು.

ನಮ್ಮ ಕೆಲಸದ ರೀತಿ ಸರಳ. ಸಂಜೆ ಕಾಲುದಾರಿಯ ಒಂದು ತುಂಡಿನ ಮೇಲೆ ಜರಡಿ ಹಿಡಿದ ಮಣ್ಣು ಹರಡಿ ಸಮ ಮಾಡುವುದು. ಬೆಳಗಾಗುತ್ತಲೇ, ದನ ತುಳಿಯುವ ಮೊದಲು, ಹೋಗಿ ನೋಡುವುದು. ಹೆಜ್ಜೆ ಬಿದ್ದಿದ್ದರೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುವುದು. ಈ ತೋಳಕ್ಕೆ ಬಲ ಮುಂಗಾಲಿನ ಹೊರಬೆರಳು ಇರಲಿಲ್ಲ. ಅಂಗಾಲಿನಲ್ಲಿ ಹಳೆಯ ಗಾಯದ ಓರೆ ಗೆರೆಯಿತ್ತು. ಆ ಕಾಲಿನ ಅಚ್ಚೊಂದು ನನ್ನ ಟ್ರಂಕಿನಲ್ಲಿತ್ತು.

ಮಾರ್ಗದರ್ಶಕರು ಪರಿಶೀಲನೆಗೆ ಬರುವ ಹಿಂದಿನ ದಿನ, ವಿಷ ಸವರಿದ ಸತ್ತ ಆಡಿನ ಪಕ್ಕ ತೋಳ ಬಿದ್ದಿತ್ತು. ವಿಷ ಇಟ್ಟವರು ಯಾರೆಂದು ಯಾರೂ ಹೇಳಲಿಲ್ಲ. ನಾಳೆಯವರೆಗೆ ಹಾಗೇ ಇರಲಿ ಎಂದೆ. “ನನ್ನ ನಾಯಿ ಬಾಯಿ ಹಾಕಿದ್ರ ಅವೂ ಸಾಯ್ತಾವಲ್ಲವಾ” ಎಂದಳು ಯಲ್ಲವ್ವ. ವಿಷ ತಿಂದು ಸತ್ತದ್ದನ್ನು ಅಂದೇ ಹೂಳುವುದು ಅವರ ರೂಢಿ. ಮುಂಗಾಲುಗಳಿಗೆ ಹಗ್ಗ ಬಿಗಿದು ಎಳೆದು, ಕುಣಿಯಲ್ಲಿ ಹಾಕಿ, ಮಣ್ಣು ಮುಚ್ಚಿ, ಮೇಲೆ ಕಲ್ಲು, ಜಾಲಿಮುಳ್ಳು ಹೇರಿದೆವು. ವಿಷ ತಾಗಿದ ಹಗ್ಗ ಅವಳಿಗೆ ಬೇಡವಾಗಿತ್ತು, ಬಿಚ್ಚಲಿಲ್ಲ. ಬೇರೆ ತೋಳ ಇದ್ದರೆ ತಿಳಿಯಲೆಂದು ಸಂಜೆ ದಾರಿಗೆ ಮಣ್ಣು ಹರಡಿದೆ.

ಬೆಳಿಗ್ಗೆ ಗೋಕಾಕದ ಮೊದಲ ಬಸ್ಸಿಗೆ ಮಾರ್ಗದರ್ಶಕರು ಬಂದರು. ಯಲ್ಲವ್ವನೂ ಸೇರಿ ಮೂವರೂ ಹೋದೆವು. ಮಣ್ಣಿನ ಮೇಲೆ ಹೆಜ್ಜೆಗಳಿದ್ದವು. ಬಲ ಮುಂಗಾಲಿಗೆ ಮೂರೇ ಬೆರಳು, ಅದೇ ಓರೆ ಗೆರೆ. ಕುಣಿಯ ಕಡೆಯಿಂದ ಬಂದು ಹರಡಿದ ಮಣ್ಣಿನ ನಟ್ಟನಡುವೆ ಮುಗಿದಿದ್ದವು. ಮುಂದೆ ಹೋಗಿರಲಿಲ್ಲ, ಹಿಂದಕ್ಕೆ ತಿರುಗಿರಲೂ ಇಲ್ಲ. ಮನುಷ್ಯರ ಹೆಜ್ಜೆ ಒಂದೂ ಇರಲಿಲ್ಲ. ಯಲ್ಲವ್ವ “ಯವ್ವಾ” ಎಂದಳು.

ನಾನು ಕುಣಿಗೆ ಓಡಿದೆ. ಕಲ್ಲು, ಮುಳ್ಳು ಇಟ್ಟಂತೆಯೇ ಇದ್ದವು. ಅಗೆದೆವು. ತೋಳ ಅಲ್ಲೇ ಇತ್ತು. ಮುಂಗಾಲಿನ ಹಗ್ಗದ ಗಂಟು ಸಡಿಲಾಗಿರಲಿಲ್ಲ.

ಮಾರ್ಗದರ್ಶಕರು ಎಲ್ಲವನ್ನೂ ನೋಡಿದರು. ಹೊಸ ಹೆಜ್ಜೆಗೆ ತಾವೇ ಪ್ಲಾಸ್ಟರ್ ಸುರಿದರು. ಟ್ರಂಕಿನಿಂದ ತಂದ ನನ್ನ ಹಳೆಯ ಅಚ್ಚಿನ ಪಕ್ಕ ಇಟ್ಟರು; ವ್ಯತ್ಯಾಸವಿರಲಿಲ್ಲ. “ಎರಡೂ ಒಂದ ಅದಾವ್ರಿ” ಎಂದೆ. ಅವರು ಹೇಳಿದರು: “ಇದು ಇವತ್ತಿನ ಹೆಜ್ಜಿ. ತೋಳ ನಿನ್ನೆ ಸತ್ತೈತಿ. ಅಂದಮ್ಯಾಲ ಇದು ನಾಯಿದು.”

“ಹಂಗಾರ ಹಳೇ ಅಚ್ಚು ಯಾರದ್ರಿ ಸರ್?”

“ಎರಡೂ ಒಂದ ಅದಾವು ಅಂತ ನೀನ ಹೇಳಾಕತ್ತಿ. ಅದೂ ನಾಯಿದ.”

“ಕುಣಿಯಾಗ ಬಿದ್ದದ್ದು?”

“ಅದರ ಕಾಲೂ ಅದ ಅಲ್ಲೇನು? ಅಂದಮ್ಯಾಲ ಅದೂ ನಾಯಿನ. ಸತ್ತ ತೋಳ ಎದ್ದು ನಡೀತು ಅಂತ ಬರೀಲೇನವಾ? ನನ್ನ ಪಗಾರ ನಿಲ್ಲಸ್ತಾರ.”

“ನಾಯಿ ಯಾವುದು, ತೋಳ ಯಾವುದು ನನ್ನ ಕುರೀನ್ನ ಕೇಳ್ರಿ ಸಾಹೇಬ್ರ, ಅವು ಹೇಳ್ತಾವು,” ಎಂದಳು ಯಲ್ಲವ್ವ.

ಮಾರ್ಗದರ್ಶಕರು ಅಂಜಿದ್ದಕ್ಕೆ ನನಗೆ ಸಿಟ್ಟಿಲ್ಲ. ನಾನೂ ಅಂಜಿದ್ದೆ. ಹೆಜ್ಜೆಯ ಮಾತು ಬಿಡಿ, ಕುಣಿಯಲ್ಲಿ ಇರುವುದನ್ನಾದರೂ ಬರೆಯಿರಿ ಎಂದು ಬೇಡಿಕೊಂಡೆ. ವಿಭಾಗದ ಕ್ಯಾಮೆರಾ ಅವರ ಕೊರಳಲ್ಲೇ ಇತ್ತು; ಒಂದು ಚಿತ್ರವನ್ನೂ ತೆಗೆಯಲಿಲ್ಲ. ಪುರಾವೆಗೆ ತೋಳದ ತಲೆಬುರುಡೆ ಇಟ್ಟುಕೊಳ್ಳಲು ನನ್ನನ್ನು ಬಿಡಲಿಲ್ಲ. ಎರಡೂ ಅಚ್ಚುಗಳನ್ನು ತಾವೇ ಒಯ್ದರು. ವಿವರಿಸಲಾಗದ್ದು ಒಂದು ಎದುರಾಯಿತೆಂದು, ಕಣ್ಣೆದುರು ಬಿದ್ದಿದ್ದ ನಿಜವನ್ನೂ ಮಣ್ಣು ಮುಚ್ಚುವುದು ಯಾವ ವಿಜ್ಞಾನ?

ನನ್ನ ಅಚ್ಚಿನಿಂದ ಯಾರಾದರೂ ಒತ್ತಿರಬಹುದೇ? ಟ್ರಂಕಿಗೆ ಬೀಗವಿತ್ತು, ಅಚ್ಚು ಒಂದೇ ಕಾಲಿನದು; ಮಣ್ಣಿನಲ್ಲಿ ನಾಲ್ಕೂ ಕಾಲಿನ ಹೆಜ್ಜೆಗಳಿದ್ದವು. ಅಂಥದೇ ಗಾಯದ ಇನ್ನೊಂದು ತೋಳ? ಹಾಗಿದ್ದರೆ ನಡುದಾರಿಯಿಂದ ಅದು ಎಲ್ಲಿ ಹೋಯಿತು? ಆಮೇಲೆ ಪತ್ರಿಕೆಗೆ ಸೇರಿ ಬಹಳ ಸುದ್ದಿಗಳ ಬೆನ್ನು ಹತ್ತಿದ್ದೇನೆ. ಇದರ ತುದಿ ಸಿಕ್ಕಿಲ್ಲ.

ಮಾರ್ಗದರ್ಶಕರು ತೋಳ ಇಲ್ಲ ಎಂದು ಬರೆದರು. ಮರುವರ್ಷ ಗಾಯರಾಣದಲ್ಲಿ ಕಲ್ಲು ಒಡೆಯುವುದು ಶುರುವಾಯಿತು. ಯಲ್ಲವ್ವ ಕುರಿ ಹೊಡೆದುಕೊಂಡು ಮೇಲವಂಕಿಯ ಕಡೆ ಹೋದಳು. ೨೦೦೭ರಲ್ಲಿ ನಾನು ವಿಭಾಗಕ್ಕೆ ಹೋದಾಗ ಎರಡೂ ಅಚ್ಚುಗಳು ಗಾಜಿನ ಕಪಾಟಿನಲ್ಲಿದ್ದವು. ಕೆಳಗಿನ ಚೀಟಿಯಲ್ಲಿ ‘ಸಾಕುನಾಯಿ, ಬಲ ಮುಂಗಾಲು’ ಎಂದು ಬರೆದಿತ್ತು.