ನಾನಿನ್ನೂ ಕ್ಯೂನಲ್ಲಿ, ಪ್ರಾಜಕ್ತಾ ಆಗಲೇ ಒಳಗೆ

ನೀವು ನಂಬುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ಇಡೀ ಇಚಲಕರಂಜಿಯಲ್ಲಿ ಆ ಹೊಸ ಆ್ಯಪ್ ಮೊದಲು ಸಿಕ್ಕಿದ್ದು ನನಗಲ್ಲ. ಪ್ರಾಜಕ್ತಾಗೆ.

ಎಂಥ ಆ್ಯಪ್ ಗೊತ್ತೇ? ನಾಲ್ಕು ಸಾಲು ಟೈಪ್ ಮಾಡಿದರೆ ರಾಗ ಹಾಕಿ ಹಾಡಿಯೇ ಕೊಡುತ್ತದೆ. ಆದರೆ ಸದ್ಯಕ್ಕೆ ಎಲ್ಲರಿಗೂ ಇಲ್ಲ. ಹೆಸರು ಹಚ್ಚಿ ಕಾಯಬೇಕು, ಕರೆ ಬಂದವರಿಗಷ್ಟೇ ಬಾಗಿಲು. (ನಮ್ಮ ಓಣಿಯ ನಳದ ನೀರಿಗೂ ಇದೇ ಪದ್ಧತಿ. ಅದಕ್ಕೆ ಯಾರೂ ಸ್ಟೇಟಸ್ ಹಾಕುವುದಿಲ್ಲ.)

ಪ್ರಾಜಕ್ತಾ ನನ್ನ ಕ್ಲಾಸಿನವಳು, ದಾನೋಳಿಯಿಂದ ಬಸ್ಸಿನಲ್ಲಿ ಬರುತ್ತಾಳೆ. ಮೊನ್ನೆಯವರೆಗೆ ಯಾರ ಫೋನ್ ಕೆಟ್ಟರೂ ನನ್ನ ಬೆಂಚಿಗೇ ಬರುತ್ತಿದ್ದರು. ಈಗ ಅವಳ ಸುತ್ತ ಜೇನುಗೂಡು. ಅವಳು ತಮ್ಮ ಕಬ್ಬಿನ ಹೊಲದ ಮೇಲೆ ಹಾಡು ಮಾಡಿಸಿದ್ದಳು. ಕೆಟ್ಟ ಹಾಡು. (ನಾಲ್ಕು ಸಲ ಕೇಳಿದೆ.)

"ಅರೇರೇ, ನಿನಗ ಇನ್ನೂ ಬಂದಿಲ್ಲೇನೋ? ಟೆನ್ಶನ್ ಘೇವೂ ನಕೋ, ಚಿಂತಿ ಮಾಡಬ್ಯಾಡ, ಬರತೈತಿ" ಎಂದಳು.

"ನಾನ ಬ್ಯಾಡಂತ ಬಿಟ್ಟೇನಿ" ಎಂದೆ.

ಬಿಡುವವನೇ ನಾನು? ಜನರನ್ನು ಸೇರಿಸಿದಷ್ಟೂ ಕ್ಯೂನಲ್ಲಿ ಮುಂದೆ ಎಂದು ಆ್ಯಪ್‌ನವರು ಹೇಳಿದ್ದರು. ಜನ ಎಲ್ಲಿದ್ದಾರೆ? ಅಪ್ಪ ದುಡಿಯುವ ಮಗ್ಗದ ಶೆಡ್ಡಿನಲ್ಲಿ. ಪಾಳಿ ಬದಲಾಗುವ ಹೊತ್ತಿಗೆ ಬಾಗಿಲಲ್ಲೇ ನಿಂತೆ. ಹೋಗುವವರ, ಬರುವವರ ಮೊಬೈಲೆಲ್ಲ ನನ್ನ ಕೈ ದಾಟಿಯೇ ಹೋದವು.

"ಇದರಾಗ ಏನ್ ಸಿಗತೈತೋ?" ಎಂದರು ಅಪ್ಪನ ಪಕ್ಕದ ಮಗ್ಗದ ಮಲ್ಲಪ್ಪ ಕಾಕಾ.

"ಹಾಡ ಸಿಗತಾವ್ರಿ ಕಾಕಾ."

"ಈ ಖಟಾಖಟಿಯೊಳಗ ಯಾರ್ ಕೇಳಬೇಕಪಾ ಅದನ್ನ?" ಎನ್ನುತ್ತಲೇ ಫೋನ್ ಕೊಟ್ಟರು.

ಮರುದಿನ ಕರೆ ಬಂತು. ಮಲ್ಲಪ್ಪ ಕಾಕಾಗೆ! (ಕೆಲವರನ್ನು ಚೀಟಿ ಎತ್ತಿ ಒಳಗೆ ಬಿಡುತ್ತಾರಂತೆ.) ಕಾಕಾ ತಮ್ಮ ಹಳೇ ಸೈಕಲ್ಲಿನ ಮೇಲೆ ಹಾಡು ಮಾಡಿಸಿದರು. ಚಹಾದಂಗಡಿ ತುಂಬ ಅದೇ ಹಾಡು. ಆ ಹೊತ್ತು ನನ್ನ ಹೊಟ್ಟೆಯ ಮೇಲೆ ಜೋಳದ ರೊಟ್ಟಿ ಬೇಯಿಸಬಹುದಿತ್ತು.

ಮನೆಗೆ ಬಂದು ಮತ್ತೆ ಕ್ಯೂ ನೋಡುತ್ತ ಕುಳಿತಿದ್ದೆ. ಅಪ್ಪ ಒಳಗೆ ಬಂದರು.

"ಏನಲೇ, ಮಂದಿ ಮೊಬೈಲಿಗೆಲ್ಲ ಕೈ ಹಾಕಿಯಂತ? ಮುಂಜಾನೆ ನನಗೂ ಒಂದು ಮೆಸೇಜ್ ಬಂದಿತ್ತು. ನಿನ್ನ ಹೆಸರು ಬರದಿದ್ರು. ಅರ್ಧಾ ತಾಸಿನ್ಯಾಗ ಒಳಗ ಬಾ, ಇಲ್ಲಂದ್ರ ಜಾಗಾ ಹೋಗತೈತಿ ಅಂತ."

(ನನ್ನ ಫೋನಿಗೆ ಸಿಮ್ ಇಲ್ಲ. ಹೆಸರು ಹಚ್ಚಿದ್ದು ಅಪ್ಪನ ನಂಬರಿನಲ್ಲಿ.)

"ಆಮ್ಯಾಲ?" ಎಂದೆ.

"ಆಮ್ಯಾಲೇನು? ಫ್ರಾಡ್ ಮಂದಿನ ಹಿಂಗ ಅವಸರ ಮಾಡ್ತಾರ. ಅಳಿಸಿ ಬ್ಲಾಕ್ ಮಾಡೇನಿ."

ಇಷ್ಟು ಜಾಣ ಅಪ್ಪಂದಿರು ಮನೆಯಲ್ಲಿದ್ದರೆ ನಮ್ಮಂಥವರು ಮುಂದೆ ಬರುವುದಾದರೂ ಹೇಗೆ, ಹೇಳಿ?